ಮೂರು ಮರ, ನಾಲ್ಕು ಶನಿವಾರ: ಟೈಗರ್ ಮೌಂಟನ್ನಿನ ಸೈಕಲ್ ದಾರಿಯ ದುರಸ್ತಿ

2024ರ ನವೆಂಬರ್ 19ರ ಮಂಗಳವಾರ ಸಂಜೆ ಅಮೆರಿಕದ ವಾಷಿಂಗ್ಟನ್ ರಾಜ್ಯದ ಪಶ್ಚಿಮ ಭಾಗಕ್ಕೆ ಎರಗಿದ ಗಾಳಿಯನ್ನು ಇಲ್ಲಿನ ಪತ್ರಿಕೆಗಳು ‘ಬಾಂಬ್ ಸೈಕ್ಲೋನ್’ ಎಂದು ಕರೆದವು. ಹೆಸರು ಸಿನಿಮೀಯವಾಗಿದ್ದರೂ ಹವಾಮಾನ ಶಾಸ್ತ್ರದಲ್ಲಿ ಅದಕ್ಕೊಂದು ಅರ್ಥವಿದೆ. ವಾಯುಭಾರ ಕುಸಿತದ ಕೇಂದ್ರದಲ್ಲಿ ಒತ್ತಡವು ಒಂದು ದಿನದೊಳಗೆ ಸ್ಥೂಲವಾಗಿ 24 ಮಿಲಿಬಾರ್‌ನಷ್ಟು ಇಳಿದರೆ ಆ ಮಾತನ್ನು ಬಳಸುತ್ತಾರೆ. ಚಂಡಮಾರುತದ ಕೇಂದ್ರವು ಪೆಸಿಫಿಕ್ ಕಡಲಿನಲ್ಲಿಯೇ ಉಳಿಯಿತಾದರೂ, ಅದರ ಸೆಳೆತಕ್ಕೆ ಸಿಕ್ಕಿದ ಗಾಳಿ ಕ್ಯಾಸ್ಕೇಡ್ ಪರ್ವತಗಳ ಕಣಿವೆಗಳಲ್ಲಿ ನುಗ್ಗಿ ಪೂರ್ವದಿಂದ ಪಶ್ಚಿಮಕ್ಕೆ ಬೀಸಿತು. ಹಾನಿ ಹೆಚ್ಚಾಗಲು ಗಾಳಿಯ ವೇಗದಷ್ಟೇ ಅದರ ದಿಕ್ಕೂ ಕಾರಣ. ಇಲ್ಲಿನ ಮರಗಳು ವರ್ಷವರ್ಷವೂ ಬರುವ ನೈಋತ್ಯದ ಬಿರುಗಾಳಿಗೆ ಎದೆಯೊಡ್ಡಿ ಬೆಳೆದವು, ಆ ಕಡೆಗೆ ತಕ್ಕಂತೆ ಬೇರು ಬಿಟ್ಟವು. ಬೆನ್ನ ಹಿಂದಿನಿಂದ ಬಂದ ಪೆಟ್ಟಿಗೆ ಅವು ಸಿದ್ಧವಾಗಿರಲಿಲ್ಲ. ಇಬ್ಬರು ಮರ ಬಿದ್ದು ತೀರಿಕೊಂಡರು, ಲಕ್ಷಗಟ್ಟಲೆ ಮನೆಗಳಿಗೆ ಕರೆಂಟು ಹೋಯಿತು. ಇಸಾಕ್ವಾದಲ್ಲಿರುವ ನಮ್ಮ ಮನೆಯಲ್ಲಿ ಮೂರು ದಿನ ಕತ್ತಲೆಯಿತ್ತು.

ಮನೆಯಿಂದ ಕಾರಿನಲ್ಲಿ ಕಾಲು ಗಂಟೆಯ ದೂರದಲ್ಲಿರುವ ಟೈಗರ್ ಮೌಂಟನ್ ಸುಮಾರು 13,500 ಎಕರೆಯ ರಾಜ್ಯ ಅರಣ್ಯ. ಇದು ನಾಟಾ ಕಡಿದು ಮಾರುವ ಕಾಡೂ ಹೌದು, ಜನ ನಡೆಯುವ, ಸೈಕಲ್ ತುಳಿಯುವ ಕಾಡೂ ಹೌದು. ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆ ಇದನ್ನು ನೋಡಿಕೊಳ್ಳುತ್ತದೆ. ಮೌಂಟನ್ ಬೈಕಿನವರ ದಾರಿಗಳು ಬೆಟ್ಟದ ಪೂರ್ವ ಮಗ್ಗುಲಿನಲ್ಲಿ, ಹೆದ್ದಾರಿ 18ರ ಕಡೆಗೆ ಇವೆ. ಅವುಗಳ ನಿರ್ವಹಣೆಯಲ್ಲಿ ಇಲಾಖೆಗೆ ಹೆಗಲು ಕೊಡುವುದು ಎವರ್‌ಗ್ರೀನ್ ಮೌಂಟನ್ ಬೈಕ್ ಅಲಯನ್ಸ್ ಎಂಬ, 1989ರಲ್ಲಿ ಬೇರೆ ಹೆಸರಿನಲ್ಲಿ ಆರಂಭವಾದ ಸಂಘ ಮತ್ತು ಅದರೊಂದಿಗೆ ದುಡಿಯುವ ಸ್ವಯಂಸೇವಕರು. ನಾನು ಐದು ವರ್ಷಗಳಿಂದ ಅವರಲ್ಲೊಬ್ಬ. ಚೈನ್ ಗರಗಸ ಹಿಡಿಯುವ ಪರವಾನಗಿ ನನಗಿಲ್ಲ. ಕೈಗರಗಸ, ಗುದ್ದಲಿ ಮತ್ತು ಬಕೆಟ್ಟಿನ ಮಟ್ಟದ ಆಳು ನಾನು. ಕೆಳಗಿನದು ನಮ್ಮ ಆರು ಜನರ ಗುಂಪಿಗೆ ಹಂಚಿಕೆಯಾದ ಸುಮಾರು 400 ಮೀಟರ್ ದಾರಿಯ ಕೆಲಸದ ದಾಖಲೆ. ಆ ತುಂಡಿನಲ್ಲಿ ಸಣ್ಣಪುಟ್ಟ ಕೊಂಬೆಗಳನ್ನು ಬಿಟ್ಟರೆ ಮೂರೇ ಮರಗಳು ಬಿದ್ದಿದ್ದವು.

ನವೆಂಬರ್ 30ರ ಶನಿವಾರ ನಾವು ಒಂದು ಕೊಂಬೆಯನ್ನೂ ಕತ್ತರಿಸಲಿಲ್ಲ. ಅಂದು ಹೋದದ್ದು ಬರೆದುಕೊಳ್ಳುವುದಕ್ಕೆ. ಗಾಳಿ ನಿಂತ ಮೇಲೂ ಕಾಡು ಹಲವು ದಿನ ಅಪಾಯಕಾರಿಯಾಗಿಯೇ ಇರುತ್ತದೆ. ಅರ್ಧ ಮುರಿದ ಕೊಂಬೆಗಳು ಮೇಲೆಲ್ಲೋ ಸಿಕ್ಕಿಕೊಂಡು ತೂಗುತ್ತಿರುತ್ತವೆ, ಅವು ಬೀಳುವಾಗ ಹೇಳಿ ಬೀಳುವುದಿಲ್ಲ. ಆದ್ದರಿಂದ ಪ್ರತಿ ಮರದ ಹತ್ತಿರ ಹೋಗುವ ಮೊದಲು ನಿಂತು, ತಲೆಯೆತ್ತಿ, ಸುತ್ತಲಿನ ಮರಗಳ ನೆತ್ತಿಯನ್ನು ಒಂದು ಸುತ್ತು ನೋಡುವುದು ನಮ್ಮ ಗುಂಪಿನ ಮೊದಲ ನಿಯಮ. ಬಳಿಕ ಮರದ ಜಾತಿ, ದಾರಿಯ ಮೇಲೆ ಬಂದಿರುವ ಕಡೆ ಅದರ ದಪ್ಪ, ಬುಡ ಎತ್ತ ಮತ್ತು ತಲೆ ಎತ್ತ, ಯಾವ ಯಾವ ಬಿಂದುವಿನಲ್ಲಿ ಅದು ನೆಲಕ್ಕೆ ತಾಗಿದೆ, ಬೇರು ಕಿತ್ತು ಬಂದಿದೆಯೋ ಅಥವಾ ಕಾಂಡ ಮುರಿದಿದೆಯೋ ಎಂಬುದನ್ನು ಬರೆದುಕೊಂಡು, ಎರಡು ಕೋನದಿಂದ ಫೋಟೋ ತೆಗೆಯಬೇಕು. ಸವಾರರು ಕಳಿಸುವ ವರದಿಗಳಲ್ಲಿ ಹತ್ತಕ್ಕೆ ಒಂಬತ್ತು ‘ದೊಡ್ಡ ಮರ ಬಿದ್ದಿದೆ, ಬೇಗ ತೆಗೆಯಿರಿ’ ಎನ್ನುವಷ್ಟಕ್ಕೇ ನಿಲ್ಲುತ್ತವೆ. ದೊಡ್ಡದು ಎಂದರೆ ಎಷ್ಟು ಎಂದು ಗೊತ್ತಿಲ್ಲದೆ ಯಾವ ಉದ್ದದ ಗರಗಸ, ಎಷ್ಟು ಬೆಣೆ, ಎಷ್ಟು ಜನ ಎಂದು ಹೇಗೆ ನಿರ್ಧರಿಸುವುದು?

ಮರಗಳು ಬಿದ್ದ ರೀತಿಯಲ್ಲಿಯೇ ಗಾಳಿಯ ಕಥೆ ಓದಬಹುದಿತ್ತು. ಸಾಮಾನ್ಯವಾಗಿ ಇಳಿಜಾರಿನ ಮರ ಬಿದ್ದರೆ ತಲೆ ತಗ್ಗಿನ ಕಡೆಗಿರುತ್ತದೆ. ಇಲ್ಲಿ ಪೂರ್ವದ ಗಾಳಿ ಪೂರ್ವಕ್ಕೆ ಮುಖ ಮಾಡಿದ ಇಳಿಜಾರಿಗೆ ಬಡಿದಿದ್ದರಿಂದ ಮೂರೂ ಮರಗಳು ಏರಿನ ಕಡೆಗೆ ಮಲಗಿದ್ದವು. ಬುಡ ದಾರಿಗಿಂತ ಕೆಳಗೆ, ತಲೆ ದಾರಿಗಿಂತ ಮೇಲೆ. ಇದೊಂದು ವಿವರ ಮುಂದಿನ ಎಲ್ಲ ಲೆಕ್ಕಾಚಾರವನ್ನೂ ಬದಲಿಸಿತು, ಏಕೆಂದರೆ ಕಾಂಡವನ್ನು ದಾರಿಯ ಮೇಲೆ ಕತ್ತರಿಸಿದೊಡನೆ ಮೇಲಿನ ಭಾಗಕ್ಕೆ ಬುಡದ ಆಸರೆ ತಪ್ಪುತ್ತದೆ, ಮತ್ತು ಅದು ಜಾರಿದರೆ ಕತ್ತರಿಸುತ್ತಿರುವವನ ಮೇಲೆಯೇ ಜಾರುತ್ತದೆ.

ಅಂದು ಕಂಡ ಇನ್ನೊಂದು ಸಂಗತಿ ನಮ್ಮನ್ನು ಅವಸರಕ್ಕೆ ದೂಡಿತು. ಮರ ಬಿದ್ದು ಹನ್ನೊಂದೇ ದಿನವಾಗಿತ್ತು. ಅಷ್ಟರಲ್ಲಿ ಮೊದಲನೆಯ ಮರದ ಪಕ್ಕದಲ್ಲಿ, ಜರಿಗಿಡಗಳನ್ನು ತುಳಿದುಕೊಂಡು, ಒಂದು ಹೊಸ ಒಳದಾರಿ ಮೂಡಿತ್ತು. ಸೈಕಲ್ಲಿನಿಂದ ಇಳಿದು ಮರ ದಾಟಲು ಅರ್ಧ ನಿಮಿಷ ಸಾಕು, ಆದರೆ ಆ ಅರ್ಧ ನಿಮಿಷವನ್ನು ಕೊಡಲು ಮನಸ್ಸಿಲ್ಲದವರು ಯಾವಾಗಲೂ ಇದ್ದೇ ಇರುತ್ತಾರೆ. ಚಳಿಗಾಲದ ಒದ್ದೆ ನೆಲದಲ್ಲಿ ಹತ್ತು ಚಕ್ರಗಳು ಹೋದರೆ ಪಾಚಿ ಹರಿದು ಕೆಸರಾಗುತ್ತದೆ, ಕೆಸರನ್ನು ತಪ್ಪಿಸಲು ಹನ್ನೊಂದನೆಯವನು ಇನ್ನೂ ಹೊರಗೆ ಹೋಗುತ್ತಾನೆ. ಮರ ತೆಗೆಯುವುದು ತಡವಾದಷ್ಟೂ ಮರದ ಪಕ್ಕದ ಗಾಯ ದೊಡ್ಡದಾಗುತ್ತದೆ. ಹೊರಡುವ ಮುನ್ನ ಆ ಒಳದಾರಿಗೆ ಎರಡೂ ತುದಿಯಲ್ಲಿ ಒಣಕೊಂಬೆಗಳನ್ನು ಅಡ್ಡ ಎಳೆದು ಬಂದೆವು. ಮುಂದಿನ ವಾರ ನೋಡಿದಾಗ ಒಂದು ತುದಿಯ ಕೊಂಬೆಗಳನ್ನು ಯಾರೋ ನೀಟಾಗಿ ಬದಿಗೆ ಸರಿಸಿಟ್ಟಿದ್ದರು.

ಡಿಸೆಂಬರ್ 7ರಂದು ಮೊದಲನೆಯ ಮರ, ಒಂದು ರೆಡ್ ಆಲ್ಡರ್. ದಾರಿಯ ಮೇಲೆ 22 ಸೆಂಟಿಮೀಟರ್ ದಪ್ಪವಿದ್ದುದರಿಂದ ಅದು ನನ್ನ ಪಾಲಿಗೆ ಬಂತು. ಎಳೆಯುವಾಗ ಮಾತ್ರ ಕತ್ತರಿಸುವ, ಅರ್ಧ ಮೀಟರ್ ಅಲಗಿನ ಮಡಚುವ ಗರಗಸ ನನ್ನದು. ಅದರ ಅಲಗು ಗಟ್ಟಿ, ತೆಳು, ಮತ್ತು ತಿರುಚಿದರೆ ಕ್ಷಮಿಸುವ ಜಾತಿಯದಲ್ಲ. ಮರದ ಎರಡೂ ತುದಿಗಳಿಗೆ ಆಸರೆಯಿತ್ತು, ನಡುವೆ ಜೋತಿತ್ತು. ಹೀಗಿದ್ದಾಗ ಕಾಂಡದ ಮೇಲ್ಮೈಯ ನಾರುಗಳು ಒತ್ತಿಕೊಂಡಿರುತ್ತವೆ, ಕೆಳಮೈಯವು ಎಳೆದುಕೊಂಡಿರುತ್ತವೆ. ಒತ್ತಿದ ಕಡೆ ಗರಗಸವಿಟ್ಟು ಆಳಕ್ಕೆ ಹೋದರೆ ಸೀಳು ಮುಚ್ಚಿಕೊಂಡು ಅಲಗು ಸಿಕ್ಕಿಬೀಳುತ್ತದೆ; ಆದ್ದರಿಂದ ಮೇಲಿನಿಂದ ಮೂರನೆಯ ಒಂದು ಭಾಗ ಮಾತ್ರ ಕೊಯ್ದು, ಉಳಿದದ್ದನ್ನು ಕೆಳಗಿನಿಂದ ಮೇಲಕ್ಕೆ ಕೊಯ್ಯಬೇಕು. ಇದೆಲ್ಲ ನನಗೆ ಬಾಯಿಪಾಠವಾಗಿತ್ತು, ಹಾಗೆಯೇ ಮಾಡಿದೆ. ಕೊಯ್ದ ಕಡೆ ಬೆಳ್ಳಗಿದ್ದ ಮರ ನೋಡನೋಡುತ್ತಿದ್ದಂತೆ ಕಿತ್ತಳೆ ಬಣ್ಣಕ್ಕೆ ತಿರುಗತೊಡಗಿತು. ಆಲ್ಡರ್ ಮರಕ್ಕೆ ಗಾಳಿ ತಾಗಿದರೆ ಆಗುವುದೇ ಹಾಗೆ. ಅದನ್ನು ಮೆಚ್ಚಿಕೊಳ್ಳುತ್ತಾ ಕೆಳಗಿನಿಂದ ಅರ್ಧ ಕೊಯ್ದಿರಬೇಕು, ಗರಗಸ ಗಕ್ಕನೆ ನಿಂತಿತು.

ನಾನು ನೋಡದೇ ಬಿಟ್ಟದ್ದೇನೆಂದರೆ, ಆಲ್ಡರ್ ಬೀಳುವಾಗ ಪಕ್ಕದಲ್ಲಿ ನಿಂತಿದ್ದ ಫರ್ ಮರವೊಂದಕ್ಕೆ ಒತ್ತಿ, ಬಿಲ್ಲಿನಂತೆ ಅಡ್ಡಡ್ಡಲಾಗಿಯೂ ಬಾಗಿತ್ತು. ಮೇಲೆ ಕೆಳಗಿನ ಒತ್ತಡವನ್ನು ಓದಿ ಎಡಬಲದ ಒತ್ತಡವನ್ನು ಓದಿರಲಿಲ್ಲ. ಅಲಗನ್ನು ಬಿಡಿಸಿಕೊಳ್ಳಲು ಒಮ್ಮೆ ಜೋರಾಗಿ ಎಳೆದೆ. ಪುತ್ತೂರು ಕಡೆಯ ಸ್ನೇಹಿತರೊಬ್ಬರು ನಮ್ಮ ಗುಂಪಿನಲ್ಲಿದ್ದಾರೆ, ವಯಸ್ಸಿನಲ್ಲಿ ನನಗಿಂತ ಹಿರಿಯರು. ಅವರು ಹಿಂದಿನಿಂದ, “ಎಳೀಬೇಡಿ ಮಾರಾಯ್ರೇ, ಅದು ಕಚ್ಚಿ ಹಿಡಿದುಂಟು. ಮರಕ್ಕೆ ಎಲ್ಲಿ ನೋವುಂಟೂಂತ ಮೊದಲು ನೋಡುವ,” ಎಂದರು. ಅಷ್ಟರಲ್ಲಿ ನನ್ನ ಎರಡನೆಯ ಎಳೆತಕ್ಕೆ ಅಲಗಿನ ತುದಿಯಿಂದ ಹತ್ತು ಸೆಂಟಿಮೀಟರ್ ಒಳಗೆ ಒಂದು ಬಾಗು ಬಿದ್ದಾಗಿತ್ತು. ಅವರು ಬಾಗಿನ ಒಳಮಗ್ಗುಲಿನ ಸೀಳಿಗೆ ಪ್ಲಾಸ್ಟಿಕ್ ಬೆಣೆಯೊಂದನ್ನು ಇಟ್ಟು, ಕೈಗೊಡಲಿಯ ಹಿಂಬದಿಯಿಂದ ನಾಲ್ಕು ಪೆಟ್ಟು ಹಾಕಿದರು. ಸೀಳು ಬಾಯಿಬಿಟ್ಟು ಅಲಗು ಸಡಿಲವಾಯಿತು. ಆಮೇಲೆ ಒತ್ತಿದ ಮಗ್ಗುಲನ್ನು ಮೊದಲು ಕೊಯ್ದು, ಎಳೆದ ಮಗ್ಗುಲನ್ನು ಕೊನೆಗೆ ಕೊಯ್ದು, ಇಬ್ಬರೂ ಒತ್ತಿದ ಕಡೆಯಲ್ಲಿಯೇ ನಿಂತು ಮುಗಿಸಿದೆವು. ಕೊನೆಯ ನಾರು ಹರಿದೊಡನೆ ಕಾಂಡದ ತುದಿ ಆಚೆಗೆ ಒಂದಡಿ ಚಿಮ್ಮಿತು. ನಾನು ಆ ಮಗ್ಗುಲಿನಲ್ಲಿ ನಿಂತಿದ್ದರೆ ಮೊಣಕಾಲಿಗೆ ಬೀಳುತ್ತಿತ್ತು. ಬಾಗಿದ ಅಲಗನ್ನು ಮನೆಯಲ್ಲಿ ಬಡಿದು ನೇರಮಾಡಲು ನೋಡಿದೆ. ನೇರವಾಗುವ ಬದಲು ಮುರಿಯಿತು. ಹೊಸ ಅಲಗು ತರಿಸಿದೆ.

ಕೊಯ್ದ ತುದಿಗಳ ವಿಷಯದಲ್ಲಿ ಒಂದು ಮಾತು. ಈಗಿನ ಮೌಂಟನ್ ಬೈಕುಗಳ ಹ್ಯಾಂಡಲ್ 78ರಿಂದ 80 ಸೆಂಟಿಮೀಟರ್ ಅಗಲವಿರುತ್ತದೆ. ಹಾಗೆಂದು ಒಂದು ಮೀಟರ್ ಅಗಲದ ಸಂದು ಸಾಕು ಎಂದು ಹೊರಟವರು ಕಾಡಿನಲ್ಲಿ ಒಂದು ಬಲೆ ಕಟ್ಟಿದಂತೆ. ಇಳುಕಲಿನಲ್ಲಿ ವೇಗವಾಗಿ ಬರುವವನ ಕೈ ಬೆರಳುಗಳು ಹ್ಯಾಂಡಲಿನ ಹೊರತುದಿಯಲ್ಲಿರುತ್ತವೆ, ಮತ್ತು ತಿರುವಿನಲ್ಲಿ ಸೈಕಲ್ ವಾಲುತ್ತದೆ. ನಾವು ದಾರಿಯ ನಡುವಿನಿಂದ ಎರಡೂ ಕಡೆಗೆ ಒಂದು ಮೀಟರಿಗೂ ಹೆಚ್ಚು ಬಿಟ್ಟು ಕೊಯ್ಯುತ್ತೇವೆ, ತಿರುವಿನ ಒಳಮಗ್ಗುಲಿನಲ್ಲಿ ಇನ್ನೂ ಹೆಚ್ಚು. ಕೊಂಬೆಗಳನ್ನು ಕಾಂಡಕ್ಕೆ ಸರಿಯಾಗಿ ಸವರುತ್ತೇವೆ; ಅರ್ಧ ಗೇಣು ಉಳಿಸಿದ ಕೊಂಬೆಯ ಮೋಟು ಭರ್ಜಿಯಂತೆ ಕಾದುಕೊಂಡಿರುತ್ತದೆ.

ಡಿಸೆಂಬರ್ 14ರಂದು ಉಳಿದ ಎರಡು ದೊಡ್ಡ ಮರಗಳಿಗೆ ಕೈ ಹಾಕಿದೆವು. ಗರಗಸದ ಕೆಲಸಕ್ಕೆ ಬಂದವರು ಅರವತ್ತು ದಾಟಿದ, ಮಿತಭಾಷಿಯಾದ ಹಿರಿಯರೊಬ್ಬರು. ಯಂತ್ರ ಚಾಲೂ ಮಾಡುವ ಮೊದಲು ಅವರು ಐದು ಸಂಗತಿಗಳನ್ನು ಗಟ್ಟಿಯಾಗಿ ಹೇಳಿಸಿದರು: ಮಾಡಬೇಕಾದ್ದೇನು, ಅಪಾಯಗಳೇನು, ಮರದ ಭಾರ ಮತ್ತು ಬಾಗು ಎತ್ತ, ಓಡುವ ದಾರಿ ಯಾವುದು, ಕೊಯ್ಯುವ ಕ್ರಮ ಹೇಗೆ. ತಾವೇ ಹೇಳದೆ ನಮ್ಮಿಂದ ಹೇಳಿಸಿದರು, ನಾವು ತಪ್ಪಿದಲ್ಲಿ ಸುಮ್ಮನೆ ಮರದ ಕಡೆ ನೋಡುತ್ತ ನಿಂತರು. ಆ ಮೌನದಲ್ಲಿ ನಾವು ತಪ್ಪನ್ನು ಹುಡುಕಿಕೊಳ್ಳಬೇಕಾಗಿತ್ತು.

ಎರಡನೆಯ ಮರ 71 ಸೆಂಟಿಮೀಟರ್ ದಪ್ಪದ ಡಗ್ಲಾಸ್ ಫರ್. ಅದು ದಾರಿಯಿಂದ ಮಂಡಿಯೆತ್ತರದಲ್ಲಿ ಸೇತುವೆಯಂತೆ ಚಾಚಿಕೊಂಡಿತ್ತು. ಹಸಿ ಡಗ್ಲಾಸ್ ಫರ್ ಒಂದು ಘನ ಮೀಟರಿಗೆ ಸುಮಾರು 600 ಕಿಲೋ ತೂಗುತ್ತದೆ. ನಾವು ತೆಗೆಯಬೇಕಿದ್ದ ತುಂಡು 2.4 ಮೀಟರ್ ಉದ್ದ, ಅಂದರೆ ಅರ್ಧ ಟನ್ನಿಗೂ ಮಿಗಿಲು. ಮೇಲಿನ ಭಾಗ ಜಾರುತ್ತದೆಯೇ ಎಂಬುದೇ ಮುಖ್ಯ ಪ್ರಶ್ನೆಯಾಗಿತ್ತು. ನಾನೂ ಇನ್ನೊಬ್ಬರೂ ಮೇಲೆ ಹತ್ತಿ ನೋಡಿದೆವು. ಬೀಳುವಾಗ ಮುರಿದ ಮೂರು ದಪ್ಪ ಕೊಂಬೆಗಳು ಗೂಟದಂತೆ ನೆಲಕ್ಕೆ ಹೂತುಕೊಂಡಿದ್ದವು, ಕಾಂಡದ ನಡುಭಾಗ ಒಂದು ಮೇಪಲ್ ಮರದ ಏರುಗಡೆಗೆ ಒರಗಿತ್ತು. ಜಾರುವುದಿಲ್ಲವೆಂದು ಹಿರಿಯರಿಗೆ ಹೇಳಿದೆವು. ಅವರು ಅಷ್ಟಕ್ಕೇ ಬಿಡದೆ ತಾವೂ ಹತ್ತಿಹೋಗಿ ನೋಡಿ ಬಂದರು.

ಕೊಯ್ತದ ಓರೆಯಲ್ಲಿ ಒಂದು ಜಾಣ್ಮೆಯಿದೆ. ತುಂಡು ಕೆಳಗೆ ಬಿದ್ದು ಹೊರಗೆ ಉರುಳಬೇಕಾದರೆ ಅದು ಮೇಲುಗಡೆ ಕಿರಿದಾಗಿಯೂ ಕೆಳಗಡೆ ಅಗಲವಾಗಿಯೂ ಇರಬೇಕು. ಕಮಾನಿನ ನೆತ್ತಿಯ ಕಲ್ಲು ಮೇಲುಗಡೆ ಅಗಲವಿರುವುದರಿಂದಲೇ ಬೀಳದೆ ನಿಲ್ಲುತ್ತದೆ. ನಮಗೆ ಬೇಕಾದದ್ದು ಅದರ ತಿರುಗುಮುರುಗು. ಹಿರಿಯರು ಏರುಗಡೆಯ ಕೊಯ್ತವನ್ನು ಮೊದಲು ಹಿಡಿದು, ಮೇಲಿನಿಂದ ಕಾಲು ಭಾಗ ಹೋದೊಡನೆ ನಿಲ್ಲಿಸಿ ಎರಡು ಬೆಣೆ ಹೊಡೆಸಿದರು. ಬೆಣೆಗಳು ಪ್ಲಾಸ್ಟಿಕ್ಕಿನವು, ಸರಪಳಿ ತಾಗಿದರೂ ಹಲ್ಲು ಮುರಿಯುವುದಿಲ್ಲ. ಆಮೇಲೆ ಕೆಳಗಿನಿಂದ ಮೇಲಕ್ಕೆ. ನನ್ನ ಕಣ್ಣು ಇದ್ದದ್ದು ಸೀಳಿನ ಮೇಲೆ ಮಾತ್ರ: ಅದು ಅಗಲವಾಗುತ್ತಿದೆಯೇ, ಕಿರಿದಾಗುತ್ತಿದೆಯೇ ಎಂದು ನೋಡಿ ಬೆರಳಿನ ಸನ್ನೆಯಲ್ಲಿ ತಿಳಿಸುವುದು ನನ್ನ ಕೆಲಸ. ಕಿವಿಗೆ ರಕ್ಷಕ ಹಾಕಿಕೊಂಡವರಿಗೆ ಕೂಗಿ ಪ್ರಯೋಜನವಿಲ್ಲ. ಎರಡನೆಯ ಕೊಯ್ತ ಮುಗಿದಾಗ ತುಂಡು ಧೊಪ್ಪನೆ ದಾರಿಯ ಮೇಲೆ ಕುಳಿತಿತು. ಕೊಕ್ಕೆಯಿರುವ ಎರಡು ಸನ್ನೆಕೋಲುಗಳಿಂದ ನಾಲ್ಕು ಜನ ಒಮ್ಮೆಗೇ ಹೊರಳಿಸಿ ಇಳಿಜಾರಿನ ಬದಿಗೆ ತಳ್ಳಿದೆವು. ತಳ್ಳುವ ಮುನ್ನ ಕೆಳಗಿನ ತಿರುವಿನಲ್ಲಿ ಯಾರೂ ಇಲ್ಲವೆಂದು ಕಾವಲಿನವನು ಎರಡು ಸಲ ಕೂಗಿ ಹೇಳಬೇಕಿತ್ತು.

ಈ ಮರದ ಬುಡ ನೋಡಿದಾಗ ಗಾಳಿಯನ್ನು ಮಾತ್ರ ದೂರುವುದು ತಪ್ಪೆಂದು ತಿಳಿಯಿತು. ಬೇರುಗಳು ಮಣ್ಣಿನಿಂದ ಕಿತ್ತು ಬಂದಿರಲಿಲ್ಲ, ಬುಡದ ಹತ್ತಿರವೇ ಮೊಂಡಾಗಿ ಮುರಿದಿದ್ದವು. ಕೊಳೆತ ಕಡೆಯಿಂದ ಒಂದು ಚೂರು ತೆಗೆದು ಉಗುರಿನಿಂದ ಎಬ್ಬಿಸಿದೆ. ವರ್ಷದ ಒಂದೊಂದು ಉಂಗುರವೂ ಹಳೆಯ ಪುಸ್ತಕದ ಹಾಳೆಯಂತೆ ಪ್ರತ್ಯೇಕವಾಗಿ ಬಿಟ್ಟುಕೊಂಡಿತು, ಹಾಳೆಯ ಎರಡೂ ಮೈಯಲ್ಲಿ ಸೂಜಿಮೊನೆಯಷ್ಟು ಚಿಕ್ಕ ಕುಳಿಗಳು. ಇದು ಡಗ್ಲಾಸ್ ಫರ್ ಮರಗಳನ್ನು ಕಾಡುವ ಬೇರುಕೊಳೆಯ ಗುರುತು. ಶಿಲೀಂಧ್ರವು ಬೇರಿನಿಂದ ಬೇರಿಗೆ ದಾಟುತ್ತದೆ, ಮತ್ತು ಸತ್ತ ಮರದ ಬೇರಿನಲ್ಲಿಯೂ ದಶಕಗಳ ಕಾಲ ಉಳಿದಿರಬಲ್ಲದು. ತೀರ್ಥಹಳ್ಳಿ ಕಡೆಯ ಅಡಿಕೆ ತೋಟದಲ್ಲಿ ಬೆಳೆದ ನನಗೆ ಕೊಳೆ ಎಂದರೆ ಮಳೆಗಾಲದಲ್ಲಿ ಕಾಯಿ ಉದುರಿಸುವ ಬೇರೆಯದೇ ರೋಗ. ಆದರೂ ಆ ಮಾತು ಕೇಳಿದರೆ ಹೊಟ್ಟೆಯಲ್ಲಿ ಆಗುವ ಕಸಿವಿಸಿ ಒಂದೇ. ಅಕ್ಕಪಕ್ಕದಲ್ಲಿ ನೆತ್ತಿ ತೆಳುವಾಗಿದ್ದ ಇನ್ನೆರಡು ಫರ್ ಮರಗಳನ್ನು ಗುರುತುಮಾಡಿ ಇಲಾಖೆಗೆ ತಿಳಿಸಿದೆವು. ನಿಂತ ಮರಕ್ಕೆ ಕೈ ಹಾಕುವುದು ಸ್ವಯಂಸೇವಕರ ಕೆಲಸವಲ್ಲ.

ಮೂರನೆಯದು ವೆಸ್ಟರ್ನ್ ಹೆಮ್ಲಾಕ್, 54 ಸೆಂಟಿಮೀಟರ್. ಮೂರರಲ್ಲಿ ನಮ್ಮನ್ನು ನಿಜವಾಗಿ ದುಡಿಸಿದ್ದು ಇದೇ. ಹೆಮ್ಲಾಕಿನ ಬೇರು ಆಳಕ್ಕೆ ಇಳಿಯದೆ ತಟ್ಟೆಯಂತೆ ಹರಡುತ್ತದೆ. ಈ ಮರ ದಾರಿಯ ಹೊರ ಅಂಚಿನಲ್ಲಿಯೇ ಬೆಳೆದಿತ್ತಾದ್ದರಿಂದ, ಏರಿನ ಕಡೆಗೆ ಉರುಳಿದಾಗ ಅದರ ಬೇರಿನ ತಟ್ಟೆ ದಾರಿಯ ಹೊರಗಿನ ಅರ್ಧವನ್ನು ಮಣ್ಣು ಸಮೇತ ಎಬ್ಬಿಸಿಕೊಂಡು ಹೋಗಿತ್ತು. ಎರಡೂಮುಕ್ಕಾಲು ಮೀಟರ್ ಅಗಲದ ಗೋಡೆಯೊಂದು ನೆಟ್ಟಗೆ ನಿಂತಿತ್ತು, ಅದರ ಹಿಂದೆ ಸೊಂಟದಾಳದ ಗುಂಡಿ. ಗುಂಡಿ ಮತ್ತು ಧರೆಯ (ಏರುಗಡೆಯ ಮಣ್ಣಿನ ಗೋಡೆಯ) ನಡುವೆ ಉಳಿದಿದ್ದ ದಾರಿ ಮೂವತ್ತು ಸೆಂಟಿಮೀಟರ್.

ಇಂತಹ ಮರದಲ್ಲಿ ಕಾಂಡದ ಭಾರ ಬೇರಿನ ತಟ್ಟೆಯನ್ನು ಎತ್ತಿ ಹಿಡಿದಿರುತ್ತದೆ. ಕಾಂಡ ತುಂಡಾದ ಕ್ಷಣ ತಟ್ಟೆ ಹಿಂದಕ್ಕೆ ಕುಳಿತುಕೊಳ್ಳಬಹುದು. ಗುಂಡಿಯಲ್ಲಿ ಇಳಿದು ನೋಡುವ ಆಸೆ ಎಲ್ಲರಿಗೂ ಆಗುತ್ತದೆ, ಅದರಲ್ಲೂ ಮಕ್ಕಳಿಗೆ. ಕಾಡಿನಲ್ಲಿ ನಡೆಯುವವರು ಈ ಒಂದು ಸಂಗತಿಯನ್ನಾದರೂ ನೆನಪಿಟ್ಟರೆ ಒಳ್ಳೆಯದು: ಎದ್ದು ನಿಂತ ಬೇರಿನ ಹಿಂದೆ ಯಾರೂ ನಿಲ್ಲಬಾರದು. ತಟ್ಟೆ ಕದಲದಂತೆ ಇಡಬೇಕೆಂದರೆ ಬುಡಕ್ಕೆ ಉದ್ದವಾದ ಕಾಂಡವನ್ನು ಉಳಿಸುತ್ತಾರೆ. ನಮಗೆ ಅದು ವಾಪಸ್ಸು ಕುಳಿತರೇ ಲಾಭ, ಗುಂಡಿ ಅರ್ಧ ತಾನಾಗಿಯೇ ಮುಚ್ಚುತ್ತದೆ. ಆದ್ದರಿಂದ ಹಿರಿಯರು ಏರುಗಡೆಯ ಕೊಯ್ತವನ್ನು ಮುಗಿಸಿ, ಎಲ್ಲರನ್ನೂ ಇಪ್ಪತ್ತು ಹೆಜ್ಜೆ ದೂರ ಕಳಿಸಿ, ಬುಡದಿಂದ ಅರ್ಧ ಮೀಟರ್ ಬಿಟ್ಟು ಕೊಯ್ದರು. ಮೊದಲು ಬೇರುಗಳು ಹರಿಯುವ ಚಟಚಟ ಸದ್ದು, ಆಮೇಲೆ ತಟ್ಟೆ ನಿಧಾನವಾಗಿ, ಮುದುಕರು ಆರಾಮಕುರ್ಚಿಗೆ ಒರಗುವ ಹಾಗೆ, ಹಿಂದಕ್ಕೆ ಸರಿದು ಗುಂಡಿಯಲ್ಲಿ ಕುಳಿತಿತು. ಪೂರ್ತಿ ಕೂರಲಿಲ್ಲ, ದಾರಿಯ ಮಟ್ಟಕ್ಕಿಂತ ಓರೆಯಾಗಿ ನಿಂತು, ಧರೆಯ ಕಡೆಗೆ ಅರವತ್ತು ಸೆಂಟಿಮೀಟರಿನಷ್ಟು ಬಾಯಿ ತೆರೆದುಕೊಂಡು ಉಳಿಯಿತು. ಸಂಜೆ ನಾಲ್ಕೂಕಾಲಿಗೆ ಸೂರ್ಯ ಮುಳುಗುವ ದಿನಗಳವು. ಎರಡೂ ಕಡೆ ಪಟ್ಟಿ ಕಟ್ಟಿ, ದಾರಿ ಮುಚ್ಚಿದೆಯೆಂಬ ಫಲಕ ಹಾಕಿ ಇಳಿದೆವು. ಆ ದಿನ ಯಂತ್ರ ಓಡಿದ್ದು ಒಟ್ಟು ಇಪ್ಪತ್ತು ನಿಮಿಷವೂ ಇರಲಾರದು.

ಕ್ರಿಸ್‌ಮಸ್ ರಜೆ ಕಳೆದು 2025ರ ಜನವರಿ 11ಕ್ಕೆ ಮತ್ತೆ ಸೇರಿದಾಗ ಆರು ಜನರಲ್ಲಿ ನಾಲ್ವರಷ್ಟೇ ಬಂದಿದ್ದೆವು. ಗರಗಸದ ದಿನಕ್ಕೆ ಜನ ಮೇಲೆ ಬಿದ್ದು ಬರುತ್ತಾರೆ, ಬಕೆಟ್ಟಿನ ದಿನಕ್ಕೆ ಎಲ್ಲರಿಗೂ ಬೇರೆ ಕೆಲಸವಿರುತ್ತದೆ. ನನ್ನ ಅನುಭವದಲ್ಲಿ ಮರ ತೆಗೆಯುವುದು ದುರಸ್ತಿಯ ಮೊದಲರ್ಧ ಮಾತ್ರ; ಮರ ಹೋದ ಮೇಲೆ ಮಣ್ಣು ಸರಿಮಾಡದಿದ್ದರೆ ಆ ಜಾಗದಲ್ಲಿ ನೀರು ನಿಲ್ಲುತ್ತದೆ, ನೀರು ನಿಂತರೆ ಎರಡನೆಯ ಮಳೆಗಾಲದೊಳಗೆ ಹೊರ ಅಂಚು ಕುಸಿಯುತ್ತದೆ.

ನಾನು ಮನಸ್ಸಿನಲ್ಲಿ ಹಾಕಿಕೊಂಡಿದ್ದ ಯೋಜನೆ ಸರಳವಾಗಿತ್ತು: ಬಾಯಿ ತೆರೆದ ಸಂದನ್ನು ಮಣ್ಣಿನಿಂದ ತುಂಬಿ ಮೇಲೆ ದಾರಿ ಹಾಯಿಸುವುದು. ಗುಂಪಿನ ಮುಂದಾಳು ಒಪ್ಪಲಿಲ್ಲ. ತುಂಬಿದ ಮಣ್ಣಿನ ಕೆಳಗೆ ಸತ್ತ ಬೇರುಗಳಿವೆ, ಅವು ಕೊಳೆತಂತೆ ಮಣ್ಣು ಇಳಿಯುತ್ತದೆ. ದಾರಿ ಯಾವಾಗಲೂ ಕಡಿದ ನೆಲದ ಮೇಲಿರಬೇಕು, ತುಂಬಿದ ನೆಲದ ಮೇಲಲ್ಲ ಎಂದು ವಿವರಿಸಿದರು. ಹಾಗಾಗಿ ದಾರಿಯನ್ನೇ ಅರವತ್ತು ಸೆಂಟಿಮೀಟರ್ ಒಳಕ್ಕೆ, ಧರೆಯ ಕಡೆಗೆ ಸರಿಸಿ, ಧರೆ ಕಡಿದ ಮಣ್ಣನ್ನು ಸಂದಿಗೆ ಹಾಕುವುದೆಂದು ತೀರ್ಮಾನವಾಯಿತು. ಬೇರೆಡೆಯಿಂದ ಮಣ್ಣು ಹೊರುವ ಕೆಲಸವೂ ತಪ್ಪಿತು. ಹತ್ತೊಂಬತ್ತು ಲೀಟರಿನ ಬಕೆಟ್ಟಿಗೆ ಒದ್ದೆ ಮಣ್ಣು ತುಂಬಿದರೆ ಮೂವತ್ತು ಕಿಲೋ ಆಗುತ್ತದೆಂಬುದನ್ನು ಬಲ್ಲ ನನ್ನ ಬೆನ್ನು ಈ ತೀರ್ಮಾನವನ್ನು ಸ್ವಾಗತಿಸಿತು.

ಮೊದಲು ಮೇಲಿನ ದರಗು ಮತ್ತು ಕೊಳೆತ ಪದರವನ್ನು ಎಳೆದು ಬೇರೆ ರಾಶಿ ಹಾಕಿದೆವು. ಆ ಕಪ್ಪು ಪದರ ಕೈಗೆ ಮೆತ್ತಗೆ ಹಿತವಾಗಿರುತ್ತದೆ, ದಾರಿಗೆ ಮಾತ್ರ ಅದು ವಿಷ. ಸ್ಪಂಜಿನಂತೆ ನೀರು ಹಿಡಿದಿಟ್ಟುಕೊಳ್ಳುತ್ತದೆ. ಗೇಣುದ್ದ ಕೆಳಗೆ ಹೋದ ಮೇಲೆ ಹಿಡಿಯಲ್ಲಿ ಒತ್ತಿದರೆ ಉಂಡೆಯಾಗುವ ಕಂದು ಮಣ್ಣು ಸಿಕ್ಕಿತು. ಅಗೆಯಲು ಬಳಸಿದ್ದು ಪುಲಾಸ್ಕಿ, ಒಂದು ಕಡೆ ಕೊಡಲಿ ಇನ್ನೊಂದು ಕಡೆ ಗುದ್ದಲಿಯಿರುವ ಉಪಕರಣ. 1910ರ ದೊಡ್ಡ ಕಾಡ್ಗಿಚ್ಚಿನಲ್ಲಿ ತನ್ನ ತಂಡವನ್ನು ಗಣಿಯ ಸುರಂಗದೊಳಗೆ ಕೂಡಿಹಾಕಿ ಬಹುಪಾಲು ಜನರನ್ನು ಬದುಕಿಸಿದ ಎಡ್ ಪುಲಾಸ್ಕಿ ಎಂಬ ಅರಣ್ಯಾಧಿಕಾರಿಯ ಹೆಸರು ಅದಕ್ಕೆ ಬಂದಿದೆ. ಬೇರು ತುಂಬಿದ ನೆಲಕ್ಕೆ ಇದಕ್ಕಿಂತ ಹೊಂದುವ ಹತಾರವನ್ನು ನಾನು ಕಂಡಿಲ್ಲ. ಊರಿಗೆ ಹೋಗುವಾಗ ಒಂದನ್ನು ಒಯ್ಯಬೇಕೆಂದು ಎರಡು ಸಲ ಅಂದುಕೊಂಡು, ವಿಮಾನದ ತೂಕದ ಲೆಕ್ಕ ಹಾಕಿ ಕೈಬಿಟ್ಟಿದ್ದೇನೆ.

ಧರೆಯೊಳಕ್ಕೆ ನಲವತ್ತೈದು ಸೆಂಟಿಮೀಟರ್ ಹೋಗುವಷ್ಟರಲ್ಲಿ ಯೋಜನೆ ನಿಂತಿತು. ಏರಿನಲ್ಲಿ ನಿಂತಿದ್ದ ಇನ್ನೊಂದು ಹೆಮ್ಲಾಕಿನ ತೊಡೆಗಾತ್ರದ ಬೇರು ಅಡ್ಡ ಬಂತು. ಅದನ್ನು ಕಡಿದರೆ ಮುಂದಿನ ಗಾಳಿಗೆ ಆ ಮರವನ್ನು ನಾವೇ ಸಿದ್ಧಮಾಡಿ ಇಟ್ಟಂತೆ. ಕಡಿಯಲಿಲ್ಲ. ಉಳಿದ ಹದಿನೈದು ಸೆಂಟಿಮೀಟರನ್ನು ಹೊರಗಡೆಯಲ್ಲಿಯೇ ಗಳಿಸಬೇಕಾಯಿತು: ಸಂದಿನ ತಳಕ್ಕೆ ಗಟ್ಟಿ ನೆಲ ಸಿಗುವವರೆಗೆ ಅಗೆದು, ದೊಡ್ಡ ಕಲ್ಲುಗಳನ್ನು ಒಳಕ್ಕೆ ವಾಲುವಂತೆ ಕೂರಿಸಿ, ಮೇಲಿನ ಕಲ್ಲು ಕೆಳಗಿನ ಎರಡು ಕಲ್ಲುಗಳ ಕೂಡುಗೆರೆಯ ಮೇಲೆ ಬರುವಂತೆ ಮೂರು ವರಸೆ ಕಟ್ಟಿದೆವು. ಪುತ್ತೂರಿನ ಸ್ನೇಹಿತರಿಗೆ ತೋಟದ ಕಲ್ಲುಕಟ್ಟಣೆಯ ಅಭ್ಯಾಸವಿತ್ತು. ನಾನು ಇಟ್ಟ ಒಂದು ಕಲ್ಲನ್ನು ಅವರು ಕಾಲಿನಿಂದ ಅಲ್ಲಾಡಿಸಿ ನೋಡಿ, ಏನೂ ಹೇಳದೆ ತೆಗೆದು, ತಿರುಗಿಸಿ ಇಟ್ಟರು. ಅದು ಮತ್ತೆ ಅಲ್ಲಾಡಲಿಲ್ಲ. ಕಲ್ಲಿನ ಹಿಂದೆ ಅರ್ಧ ಗೇಣು ಅರ್ಧ ಗೇಣಾಗಿ ಮಣ್ಣು ಹಾಕಿ ಪ್ರತಿ ಪದರವನ್ನೂ ದಮ್ಮಸ್ಸು ಮಾಡಿದೆವು. ಒಂದೇ ಸಲಕ್ಕೆ ತುಂಬಿ ಮೇಲೆ ಮಾತ್ರ ಬಡಿದರೆ ಮೇಲ್ಮೈ ಗಟ್ಟಿಯಾಗುತ್ತದೆ, ಒಳಗೆ ಪೊಳ್ಳು ಉಳಿಯುತ್ತದೆ.

ಕೊನೆಯದು ಓರೆ. ದಾರಿಯ ಮೇಲ್ಮೈ ಹೊರಗಡೆಗೆ ಸ್ವಲ್ಪ ವಾಲಿರಬೇಕು, ನೂರಕ್ಕೆ ಐದರಷ್ಟು. ನಮ್ಮ 90 ಸೆಂಟಿಮೀಟರ್ ಅಗಲಕ್ಕೆ ಅದು ನಾಲ್ಕೂವರೆ ಸೆಂಟಿಮೀಟರ್. ಕಣ್ಣಿಗೆ ಅದು ಸಮತಟ್ಟಾಗಿಯೇ ಕಾಣುತ್ತದೆ, ನೀರಿಗೆ ಮಾತ್ರ ಗೊತ್ತಾಗುತ್ತದೆ. ಗುದ್ದಲಿಯ ಕಾವನ್ನು ಅಡ್ಡ ಇಟ್ಟು ಅದರ ಮೇಲೆ ಫೋನಿನ ಮಟ್ಟಗೋಲು ಇಟ್ಟು ಮೂರು ಕಡೆ ಅಳೆದೆವು. ದುರಸ್ತಿಯಾದ ಜಾಗಕ್ಕಿಂತ ಆರು ಮೀಟರ್ ಮೇಲೆ ದಾರಿಯಲ್ಲಿಯೇ ಒಂದು ಉದ್ದನೆಯ ತಗ್ಗು ಮಾಡಿ, ಮೇಲಿನಿಂದ ದಾರಿಗುಂಟ ಹರಿದು ಬರುವ ನೀರು ಹೊಸ ಮಣ್ಣನ್ನು ತಲುಪುವ ಮೊದಲೇ ಕಾಡಿಗೆ ಇಳಿಯುವಂತೆ ಮಾಡಿದೆವು. ತೆಗೆದಿಟ್ಟ ಕಪ್ಪು ದರಗನ್ನು ಕಡಿದ ಧರೆಯ ಮೇಲೆ ಮತ್ತು ಸವಾರರು ಮಾಡಿಕೊಂಡಿದ್ದ ಆ ಒಳದಾರಿಯ ಮೇಲೆ ಹರಡಿ, ಅಲ್ಲಿ ಕಿತ್ತುಹೋಗಿದ್ದ ನಾಲ್ಕು ಜರಿಗಿಡಗಳನ್ನು ಮತ್ತೆ ನೆಟ್ಟೆವು. ಈ ಕೆಲಸದ ಲೆಕ್ಕದಲ್ಲಿ ನನಗೆ ಕೊನೆಯ ಎರಡು ಗಂಟೆ ಸೇರಿ 24 ಗಂಟೆ ತುಂಬಿತು. ರಾಜ್ಯದ ಕಾಡುಗಳಲ್ಲಿ ಅಷ್ಟು ಹೊತ್ತು ದುಡಿದವರಿಗೆ, ಆಗ 30 ಡಾಲರ್ ಬೆಲೆಯಿದ್ದ ವಾರ್ಷಿಕ ಪಾರ್ಕಿಂಗ್ ಪಾಸನ್ನು ಪುಕ್ಕಟೆಯಾಗಿ ಕೊಡುತ್ತಾರೆ.

ಆಮೇಲೆ ಬಂದ ಮೊದಲ ದೊಡ್ಡ ಮಳೆಯ ಮರುದಿನ ಬೆಳಗ್ಗೆ ಕೊಡೆ ಹಿಡಿದು ಒಬ್ಬನೇ ಹೋಗಿ ನೋಡಿದೆ. ಕಲ್ಲುಕಟ್ಟಣೆ ಕದಲಿರಲಿಲ್ಲ, ಹೊಸ ಮಣ್ಣಿನ ಮೇಲೆ ಎರಡು ಚಕ್ರದ ಗುರುತುಗಳಿದ್ದವು, ಬೆರಳಿನ ಒಂದು ಗೆಣ್ಣಿನಷ್ಟೂ ಹೂತಿರಲಿಲ್ಲ. ತಗ್ಗಿನಲ್ಲಿ ಮಾತ್ರ ತಟ್ಟೆಯಗಲದ ನೀರು ನಿಂತಿತ್ತು. ಹೊರಬಾಯಿಯಲ್ಲಿ ನಾವೇ ಬಿಟ್ಟಿದ್ದ ಮಣ್ಣಿನ ಏಣೊಂದು ಅದನ್ನು ತಡೆದಿತ್ತು. ಹಿಮ್ಮಡಿಯಿಂದ ಅದನ್ನು ಒಡೆದೆ, ಒಂದು ಕೋಲಿನಿಂದ ಬಾಯಿಯನ್ನು ಎರಡು ಅಡಿ ಉದ್ದ ಗೀರಿದೆ. ನೀರು ಸ್ವಲ್ಪ ಹೊತ್ತು ಅನುಮಾನಿಸಿ, ಸೂಜಿಯೆಲೆಗಳನ್ನು ಹೊತ್ತುಕೊಂಡು ಇಳಿಯಿತು. ಗುದ್ದಲಿ ತಂದಾಗ ಆ ಬಾಯಿಯನ್ನು ಇನ್ನೊಂದು ಮೊಳ ಅಗಲ ಮಾಡಬೇಕೆಂದು ಪುಸ್ತಕದಲ್ಲಿ ಬರೆದುಕೊಂಡಿದ್ದೇನೆ.